ಬಣ್ಣ ಬಳಿದುಕೊಂಡು ಬಂದ ಸಾರಾಯಿ

ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಇಳಿದು ಹೊಸೂರಿನತ್ತ ಸಾಗಿದರೆ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ. ಬಲಕ್ಕೆ ಹೊರಳಿದರೆ ಜಿಗಣಿ, ಆನೇಕಲ್. ಶನಿವಾರ ಸಂಜೆ ಬಟವಾಡೆ ಮುಗಿದ ಮೇಲೆ ಈ ದಾರಿಯ ವೈನ್ ಸ್ಟೋರ್‌ಗಳ ಮುಂದೆ ಸೇರುವ ಗುಂಪನ್ನು ನೋಡಬೇಕು. ಗಾರೆ ಕೆಲಸದವರು, ಲಾರಿಗೆ ಸರಕು ತುಂಬುವವರು, ಪಾಳಿ ಮುಗಿಸಿ ಬಂದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು, ಸೆಕ್ಯೂರಿಟಿ ಗಾರ್ಡುಗಳು. ಕಬ್ಬಿಣದ ಸರಳುಗಳ ಸಂದಿಯಲ್ಲಿ ನೋಟು ಹಿಡಿದ ಕೈ ತೂರಿಸಿ 'ನೈಂಟಿ' ಎನ್ನುತ್ತಾರೆ. ಒಳಗಿನಿಂದ ಬರುವುದು 90 ಮಿಲಿಲೀಟರಿನ ರಟ್ಟಿನ ಪುಟ್ಟ ಡಬ್ಬಿ. ಅದರ ಮೇಲೆ ವಿಸ್ಕಿ ಎಂದೋ ಬ್ರಾಂದಿ ಎಂದೋ ಬರೆದಿರುತ್ತದೆ. ಅಲ್ಲೇ ಮರೆಗೆ ಸರಿದು, ಡಬ್ಬಿಯ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ನೀರಿನ ಸ್ಯಾಚೆಟ್ ಒಂದನ್ನು ಬೆರೆಸಿ ಒಂದೇ ಗುಟುಕಿಗೆ ಎತ್ತಿದರೆ ಕೆಲಸ ಮುಗಿಯಿತು.

ಹಲ್ಲಿನಿಂದ ಕಚ್ಚಿ ಹರಿಯುವ ಆ ರೂಢಿ ಈ ಡಬ್ಬಿಗಿಂತ ಹಳೆಯದು. 2007ರ ಜೂನ್ ತಿಂಗಳ ಕೊನೆಯವರೆಗೆ ಇದೇ ಊರುಗಳಲ್ಲಿ ಇದೇ ಬಗೆಯ ಕೈಗಳು ಹೀಗೆಯೇ ಹರಿಯುತ್ತಿದ್ದುದು ಸಾರಾಯಿ ಕೊಟ್ಟೆಯನ್ನು. ಆ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ತಯಾರಿಕೆ ಮತ್ತು ಮಾರಾಟ ನಿಷೇಧವಾಯಿತು. ನಿಷೇಧ ಇಂದಿಗೂ ಜಾರಿಯಲ್ಲಿದೆ. ಕಾನೂನಿನ ಪುಸ್ತಕ ತೆರೆದು ನೋಡಿದರೆ ಈ ರಾಜ್ಯದಲ್ಲಿ ಸಾರಾಯಿ ಎಂಬುದು ಇಲ್ಲ. ಹಾಗಾದರೆ ಆ ಡಬ್ಬಿಯೊಳಗೆ ಇರುವುದಾದರೂ ಏನು?

ಉತ್ತರ ತಿಳಿಯಬೇಕಾದರೆ ಸಾರಾಯಿಯ ಜಾತಕವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಹೆಂಡ ಮತ್ತು ಸಾರಾಯಿ ಎಂಬ ಎರಡು ಮಾತುಗಳನ್ನು ಕುಡಿಯದವರು ಒಂದೇ ಎಂಬಂತೆ ಬಳಸುತ್ತಾರೆ. ಅವೆರಡೂ ಬೇರೆ ಬೇರೆ. ಹೆಂಡ ಮರದ ರಸ. ಹಳೆಯ ಮೈಸೂರಿನ ಕಡೆ ಈಚಲು, ಕರಾವಳಿಯಲ್ಲಿ ತೆಂಗು, ತಾಳೆ, ಬೈನೆ. ಮುಂಜಾನೆ ಇಳಿಸಿದಾಗ ಸಿಹಿಯಾದ ನೀರಾ. ಬಿಸಿಲೇರುತ್ತಿದ್ದಂತೆ ತಾನೇ ಹುಳಿತು ಹೆಂಡ. ಅದರ ಮತ್ತು ಹೆಚ್ಚುಕಡಿಮೆ ಬಿಯರಿನಷ್ಟು. ಸಾರಾಯಿಗೆ ಒಲೆ ಬೇಕು, ಹಂಡೆ ಬೇಕು, ಆವಿಯನ್ನು ತಣಿಸುವ ಕೊಳವೆ ಬೇಕು. ಹುಳಿತ ದ್ರವವನ್ನು ಕಾಯಿಸಿ, ಏಳುವ ಆವಿಯನ್ನು ತಣಿಸಿ, ಹನಿಹನಿಯಾಗಿ ಹಿಡಿದದ್ದು ಸಾರಾಯಿ. ಇಂಗ್ಲಿಷರು ಅದಕ್ಕೆ ಬಳಸಿದ 'ಅರಾಕ್' ಎಂಬ ಪದದ ಮೂಲ ಅರಬ್ಬಿ. ಅಲ್ಲಿ ಅದರ ಅರ್ಥ ಬೆವರು. ಭಟ್ಟಿಯ ಬಾಯಲ್ಲಿ ಹನಿಯುವುದನ್ನು ಕಂಡವರಿಗೆ ಈ ಹೆಸರು ಎಷ್ಟು ಸರಿ ಎಂದು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಬೆಲ್ಲದ ನೀರಿಗೆ ಬಿಳಿಜಾಲಿ ಮರದ ತೊಗಟೆ ಹಾಕಿ ಕೊಳೆಸಿ ಭಟ್ಟಿ ಇಳಿಸುವ ಪದ್ಧತಿಯಿತ್ತು. ತೊಗಟೆಯ ಒಗರು ಕುಡಿಯುವವನ ನಾಲಿಗೆಗೆ ಗುರುತು ಸಿಗುತ್ತಿತ್ತು.

ಇದು ಬಡವನ ಕುಡಿತವಾಗಿಯೇ ಹುಟ್ಟಿದ್ದಲ್ಲ. ಹದಿನೇಳನೆಯ ಶತಮಾನದ ಇಂಗ್ಲಿಷ್ ವರ್ತಕರು ಗೋವಾದ, ಜಾವಾದ ಅರಾಕಿಗೆ ನಿಂಬೆ, ಸಕ್ಕರೆ, ಸಂಬಾರ, ನೀರು ಬೆರೆಸಿ 'ಪಂಚ್' ಮಾಡಿಕೊಂಡು ಕುಡಿದರು. ಐದು ವಸ್ತುಗಳು ಸೇರಿದ್ದರಿಂದ ನಮ್ಮ 'ಪಂಚ'ವೇ ಅವರ ಪಂಚ್ ಆಯಿತೆಂದು ಹೇಳುವುದುಂಟು. ಕಂಪನಿಯ ಗೋರಾ ಸಿಪಾಯಿಗಳಿಗೆ ದಿನದ ಪಡಿಯಲ್ಲಿ ಅರಾಕ್ ಸೇರಿತ್ತು. ದಂಡಿನ ಪೇಟೆಗಳಲ್ಲಿ ಅಧಿಕಾರಿಗಳ ದೊಡ್ಡ ತಲೆನೋವೆಂದರೆ ಸಿಪಾಯಿಗಳು ಪಡಿ ಮುಗಿಸಿ ಬಜಾರಿನ ಕಳ್ಳ ಮಾಲಿಗೆ ಹೋಗುವುದು. ಮೇಲಿನವರ ಲೋಟದಿಂದ ಅದು ಕೆಳಗಿಳಿದದ್ದು ಸ್ಕಾಟ್ಲೆಂಡಿನ ವಿಸ್ಕಿ, ಫ್ರಾನ್ಸಿನ ಬ್ರಾಂದಿ ಹಡಗಿನಲ್ಲಿ ಸಲೀಸಾಗಿ ಬರತೊಡಗಿದ ಮೇಲೆ. ಅಂದಿನಿಂದ ಈ ನೆಲದಲ್ಲಿ ತಯಾರಾದದ್ದು 'ಕಂಟ್ರಿ', ಹೊರಗಿನಿಂದ ಬಂದದ್ದು 'ಫಾರಿನ್'. ಈ ಎರಡು ಪದಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದಿನ ಕತೆಯೆಲ್ಲ ಅವುಗಳ ಮೇಲೆ ನಿಂತಿದೆ.

ಕನ್ನಡಕ್ಕೆ ಕುಡಿತದ ಮೇಲಿನ ಕೋಪವೂ ಹೊಸದಲ್ಲ, ಕುಡುಕನ ಮೇಲಿನ ಅಕ್ಕರೆಯೂ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬಾತನಿದ್ದಾನೆ. ಹೆಂಡ ಮಾರುವ ಕಾಯಕದಿಂದಲೇ ಆತನಿಗೆ ಆ ಹೆಸರು. ಇಪ್ಪತ್ತನೆಯ ಶತಮಾನದಲ್ಲಿ ಹೆಂಡದಂಗಡಿಯ ರತ್ನನಿಗೆ ಬಾಯಿ ಕೊಟ್ಟ ಜಿ.ಪಿ. ರಾಜರತ್ನಂ ಸ್ವತಃ ಕುಡಿದವರಲ್ಲ. ಕುಡಿಯದ ಕವಿಯೊಬ್ಬರು ಕುಡುಕನ ಮಾತಿನಲ್ಲಿ ಬರೆದ ಪದಗಳನ್ನು ಕುಡಿಯದ ಮನೆಗಳಲ್ಲೂ ಹಾಡಿಕೊಂಡು ಬಂದಿದ್ದಾರೆ. ನಿಷಿದ್ಧವಾದದ್ದರ ಸೆಳೆತಕ್ಕೆ ಇದಕ್ಕಿಂತ ಸಭ್ಯವಾದ ಸಾಕ್ಷಿ ಸಿಗಲಾರದು.

ಮೊದಲ ನಿಷೇಧದ ಕತೆ ಚಿತ್ರದುರ್ಗದ ಹತ್ತಿರದ ತುರುವನೂರಿನಿಂದ ಆರಂಭವಾಗುತ್ತದೆ. 1939ರಲ್ಲಿ ಅಲ್ಲಿ ಕಾಂಗ್ರೆಸ್ಸಿನವರು ಕೊಡಲಿ ಹಿಡಿದು ಈಚಲು ಮರ ಕಡಿಯುವ ಸತ್ಯಾಗ್ರಹ ಹೂಡಿದರು. ಗಾಂಧೀಜಿಯ ಪಾನನಿರೋಧ ಒಂದು ಕಾರಣ. ಇನ್ನೊಂದು ಕಾರಣ, ಹೆಂಡದ ಗುತ್ತಿಗೆಯ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಮರ ಉರುಳಿದರೆ ಅಬಕಾರಿ ವರಮಾನವೂ ಉರುಳುತ್ತದೆ. ಆ ಸತ್ಯಾಗ್ರಹದ ಮುಂದಾಳುಗಳಲ್ಲಿ ಒಬ್ಬರು ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪ. ಅದಕ್ಕಾಗಿ ಅವರು ಜೈಲು ಕಂಡರು.

ಸ್ವಾತಂತ್ರ್ಯ ಬಂದ ಮೇಲೆ, 1948ರಿಂದ, ಮೈಸೂರು ಸಂಸ್ಥಾನದಲ್ಲಿ ಹಂತ ಹಂತವಾಗಿ ಪಾನನಿರೋಧ ಜಾರಿಯಾಯಿತು. 1956ರಲ್ಲಿ ರಾಜ್ಯ ಒಂದಾದಾಗ ಚಿತ್ರ ವಿಚಿತ್ರವಾಗಿತ್ತು. ಧಾರವಾಡ, ಬೆಳಗಾವಿ ಕಡೆಗೆ ಮುಂಬಯಿಯ ನಿಷೇಧ ಕಾಯ್ದೆ, ಮಂಗಳೂರು, ಬಳ್ಳಾರಿಗೆ ಮದರಾಸಿನದು, ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ಅಂಗಡಿ ತೆರೆದೇ ಇತ್ತು. ಒಂದು ಹಳ್ಳ ದಾಟಿದರೆ ಅಪರಾಧ, ಈಚೆಗೆ ಬಂದರೆ ವ್ಯಾಪಾರ. 1961ರಲ್ಲಿ ಇಡೀ ರಾಜ್ಯಕ್ಕೆಂದು ಮೈಸೂರು ಪಾನನಿರೋಧ ಕಾಯ್ದೆ ಬಂತು. ಕಳ್ಳಭಟ್ಟಿ ನಿಲ್ಲಲಿಲ್ಲ, ಬೊಕ್ಕಸಕ್ಕೆ ಬರಬೇಕಾದ ಹಣ ಬರಲಿಲ್ಲ. ಕೊನೆಗೆ 1967ರ ಅಕ್ಟೋಬರಿನಲ್ಲಿ ಹೊಸ ಅಬಕಾರಿ ಕಾಯ್ದೆ ಜಾರಿಗೆ ಬಂದು ಪಾನನಿರೋಧ ಹೋಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪ. ಈಚಲು ಕಡಿದ ಕೈಯೇ ಅಂಗಡಿಯ ಬಾಗಿಲು ತೆರೆಯಬೇಕಾಯಿತು. ಇದರಲ್ಲಿ ವ್ಯಕ್ತಿಯ ಕಪಟ ಹುಡುಕುವುದು ಸುಲಭ. ಆದರೆ ಜೈಲಿಗೆ ಹೋಗುವ ಸತ್ಯಾಗ್ರಹಿಗೆ ಬಜೆಟ್ ಮಂಡಿಸುವ ಹೊಣೆ ಇರುವುದಿಲ್ಲ ಎಂಬುದೂ ನಿಜ.

1967ರಲ್ಲಿ ಹಿಂತಿರುಗಿ ಬಂದದ್ದು ಹಳ್ಳಿಯ ತೊಗಟೆ ಸಾರಾಯಿ ಅಲ್ಲ. ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದಿದ್ದವು. ಮಂಡ್ಯದಲ್ಲಿ 1933ರಲ್ಲೇ ಮೈಸೂರು ಸಕ್ಕರೆ ಕಂಪನಿ ಆರಂಭವಾಗಿತ್ತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು, ಗಟ್ಟಿ, ಕೆಟ್ಟ ವಾಸನೆಯ ಪಾಕವೇ ಕಾಕಂಬಿ. ಅದಕ್ಕೆ ನೀರು, ಯೀಸ್ಟ್ ಹಾಕಿ ಹುಳಿಸಿ, ದೊಡ್ಡ ಸ್ತಂಭಗಳಲ್ಲಿ ಭಟ್ಟಿ ಇಳಿಸಿದರೆ ಶೇ 95ರಷ್ಟು ಆಲ್ಕೋಹಾಲ್ ಇರುವ ಸ್ಪಿರಿಟ್ ಬರುತ್ತದೆ. ಅದಕ್ಕೆ ನೀರು ಬೆರೆಸಿದರೆ ಸಾರಾಯಿ. ಮರ ಇಲ್ಲ, ತೊಗಟೆ ಇಲ್ಲ, ಊರಿನ ರುಚಿ ಇಲ್ಲ. ಹೆಸರು ಮಾತ್ರ ಹಳೆಯದು.

ಮಾರುವ ಹಕ್ಕು ಹರಾಜಿನಲ್ಲಿ ಗುತ್ತಿಗೆದಾರರಿಗೆ. ಒಂದೊಂದು ತಾಲ್ಲೂಕಿನ ಸಾರಾಯಿ ಹಿಡಿದವನ ಹಿಂದೆ ಜೀಪು, ಹುಡುಗರ ಪಡೆ, ಚುನಾವಣೆಗೆ ಬೇಕಾದ ಹಣ. ಎಪ್ಪತ್ತು, ಎಂಬತ್ತರ ದಶಕದ ಕರ್ನಾಟಕದ ರಾಜಕೀಯವನ್ನು ಸಾರಾಯಿ ಗುತ್ತಿಗೆದಾರರನ್ನು ಬಿಟ್ಟು ಬರೆಯಲಾಗದು. ಸಾರಾಯಿಯನ್ನು ಸೀಸೆಗೆ ತುಂಬುವ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟ್ ಟೀಕಿಸಿದ್ದಕ್ಕೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1986ರ ಫೆಬ್ರವರಿಯಲ್ಲಿ ರಾಜೀನಾಮೆಯನ್ನೇ ಕೊಟ್ಟು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಸೀಸೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಟ್ಟೆ ಬಂದ ಮೇಲೆ ಸಾರಾಯಿಗೆ ಕಾಲು ಬಂದಂತಾಯಿತು. ಅಂಗಡಿಗೆ ಹೋಗಬೇಕಿಲ್ಲ, ಬೀಡಿ ಅಂಗಡಿಯಲ್ಲೂ, ಕಟ್ಟಡ ಕಟ್ಟುವಲ್ಲೂ, ಗುಡಿಸಲಿನ ಸೂರಿನ ಸಂದಿಯಲ್ಲೂ ಕೊಟ್ಟೆ ಸಿಕ್ಕಿತು. ಅತ್ತಿಬೆಲೆಯ ಗಡಿ ದಾಟಿ ತಮಿಳುನಾಡಿಗೂ ಹೋಯಿತು.

ಸಾರಾಯಿ ಕಾನೂನುಬದ್ಧವಾಗಿದ್ದರೆ ಕಳ್ಳ ಮಾಲಿನ ಸಾವು ಇರುವುದಿಲ್ಲ ಎಂಬ ವಾದವನ್ನು ಇಂದೂ ಕೇಳುತ್ತೇವೆ. 1981ರ ಜುಲೈಯಲ್ಲಿ ಸಾರಾಯಿ ಕಾನೂನುಬದ್ಧವಾಗಿಯೇ ಇತ್ತು. ಆ ತಿಂಗಳು ಬೆಂಗಳೂರಿನಲ್ಲಿ ವಿಷ ಬೆರೆತ ಅಗ್ಗದ ಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ವಿಷ ಮೆಥನಾಲ್. ಬಣ್ಣ, ವಾರ್ನಿಷ್, ರಾಸಾಯನಿಕ ತಯಾರಿಕೆಗೆ ಬೇಕಾದ ದ್ರಾವಕ ಅದು. ಕಾರ್ಖಾನೆಗಳಿರುವ ಕಡೆಗೆ ಪೀಪಾಯಿಗಟ್ಟಲೆ ಬರುತ್ತದೆ. ನೋಟಕ್ಕೂ ವಾಸನೆಗೂ ಕುಡಿಯುವ ಸ್ಪಿರಿಟ್ಟಿನಂತೆಯೇ. ಆದರೆ ಮೈಯೊಳಗೆ ಅದು ಫಾರ್ಮಿಕ್ ಆಮ್ಲವಾಗುತ್ತದೆ. ಅದು ಮೊದಲು ಕಣ್ಣಿನ ನರ ಹಿಡಿಯುತ್ತದೆ. ಕುಡಿದವನು ಮರುದಿನ ಬೆಳಿಗ್ಗೆ ಎದ್ದು ದೀಪ ಯಾಕೆ ಹಚ್ಚಿಲ್ಲ ಎಂದು ಕೇಳುತ್ತಾನೆ. ಹತ್ತು ಮಿಲಿಲೀಟರು ಕುರುಡು ಮಾಡಬಲ್ಲದು, ಮೂವತ್ತು ಕೊಲ್ಲಬಲ್ಲದು.

ಸಾರಾಯಿಯ ವಿರುದ್ಧದ ಕೂಗು ಎದ್ದದ್ದು ಮೇಲಿನಿಂದ ಅಲ್ಲ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಚಳವಳಿ ಮಾಡಿತು. ಕೇರಿಯ ದುಡಿಮೆ ಯಾವ ಅಂಗಡಿಗೆ ಹೋಗುತ್ತಿದೆ ಎಂಬುದನ್ನು ಅಷ್ಟು ನೇರವಾಗಿ ಹೇಳಿದ ಇನ್ನೊಂದು ಬೇಡಿಕೆ ಆ ಕಾಲದಲ್ಲಿ ಕಾಣುವುದಿಲ್ಲ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದ್ದು ಕಾಳ್ಗಿಚ್ಚಾಯಿತು. 1993ರ ಅಕ್ಟೋಬರಿನಲ್ಲಿ ಆಂಧ್ರ ಸಾರಾಯಿ ನಿಷೇಧಿಸಿತು. 1995ರಲ್ಲಿ ಎನ್.ಟಿ. ರಾಮರಾವ್ ಎಲ್ಲ ಮದ್ಯವನ್ನೂ ನಿಷೇಧಿಸಿದರು. 1997ರಲ್ಲಿ ಆ ಸಂಪೂರ್ಣ ನಿಷೇಧ ಸಡಿಲವಾಯಿತು, ಸಾರಾಯಿ ಮಾತ್ರ ಹೊರಗೇ ಉಳಿಯಿತು. ಕೇರಳ 1996ರ ಏಪ್ರಿಲ್‌ನಲ್ಲಿ ಸಾರಾಯಿ ನಿಲ್ಲಿಸಿತು. ಕರ್ನಾಟಕ 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಹೆಂಡವನ್ನು ನಿಲ್ಲಿಸಿತು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ಔಷಧ ಬೆರೆಸುತ್ತಾರೆ ಎಂಬುದು ದೊಡ್ಡ ದೂರಾಗಿತ್ತು. ಮರ ಹತ್ತುವ ಈಡಿಗರ ಕೈಗೆ ಕೆಲಸವಿಲ್ಲದಂತಾಯಿತು. ಮೂರು ವರ್ಷಗಳ ನಂತರ ಸಾರಾಯಿಯ ಸರದಿ. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ಖಾತೆ ಬಿ.ಎಸ್. ಯಡಿಯೂರಪ್ಪನವರದು.

ಹೆಂಗಸರು ಕೇಳಿದ್ದು ಕುಡಿತ ನಿಲ್ಲಲಿ ಎಂದು. ಸರ್ಕಾರ ಕೊಟ್ಟದ್ದು ಸಾರಾಯಿ ನಿಲ್ಲಲಿ ಎಂದು. ಈ ಎರಡರ ನಡುವಿನ ಅಂತರ ಏನೆಂಬುದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಕೊಟ್ಟೆ ಹೋದ ಮೇಲೆ ಕೂಲಿಯವನ ಮುಂದಿದ್ದ ದಾರಿ ಎರಡೇ: ದುಬಾರಿಯಾದ ವಿಸ್ಕಿ, ಬ್ರಾಂದಿ, ಇಲ್ಲವೇ ಕದ್ದು ಮಾರುವ ಮಾಲು. 2008ರ ಮೇ ತಿಂಗಳು. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ, ವಿಧಾನಸಭೆಯ ಚುನಾವಣೆ ನಡೆಯುತ್ತಿದೆ. ಆನೇಕಲ್ ಸುತ್ತಮುತ್ತ, ಬೆಂಗಳೂರಿನ ಅಂಚಿನಲ್ಲಿ, ಕೋಲಾರದಲ್ಲಿ, ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು, ಕಣ್ಣು ಕಾಣುವುದಿಲ್ಲವೆಂದು ಆಸ್ಪತ್ರೆಗೆ ಬರತೊಡಗಿದರು. ಮತ್ತೆ ಮೆಥನಾಲ್. ಎರಡೂ ರಾಜ್ಯಗಳಲ್ಲಿ ಸತ್ತವರು ನೂರಕ್ಕೂ ಬಹಳ ಮೀರಿದ್ದರು. ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನ ಮುಂದೆ ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸಿಟಿಗೂ ಆನೇಕಲ್ ಪಟ್ಟಣಕ್ಕೂ ಇರುವ ದೂರ ಸುಮಾರು ಇಪ್ಪತ್ತು ಕಿಲೋಮೀಟರು. ಆ ಕಟ್ಟಡಗಳ ಗಾರೆ ಕಲಸಿದವರೂ, ಹೊರಗೆ ಕಾವಲು ಕಾಯುವವರೂ ವಾಸ ಮಾಡುವುದು ಇಂಥ ಹಳ್ಳಿಗಳಲ್ಲೇ.

1981ರಲ್ಲಿ ಸಾರಾಯಿ ಇದ್ದೂ ಜನ ಸತ್ತರು, 2008ರಲ್ಲಿ ಇಲ್ಲದೆಯೂ ಸತ್ತರು. ಎರಡೂ ಸಲ ಸತ್ತವರು ಒಂದೇ ಬಗೆಯ ಜನ: ಪೇಟೆಯಲ್ಲಿ ಸಿಗುವ ಅತಿ ಅಗ್ಗದ ಮಾಲಿಗಿಂತ ಇನ್ನೂ ಒಂದೆರಡು ರೂಪಾಯಿ ಅಗ್ಗವಾದದ್ದನ್ನು ಹುಡುಕಿ ಹೋದವರು. ನಿಷೇಧ ಪರ, ನಿಷೇಧ ವಿರೋಧ ಎಂದು ವಾದಿಸುವವರು ಎರಡು ವರ್ಷಗಳಲ್ಲಿ ತಮಗೆ ಬೇಕಾದ ಒಂದನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

ಆ ಜಾಗವನ್ನು ತುಂಬಲು ಬಂದದ್ದೇ ಅಗ್ಗದ ವಿಸ್ಕಿ. ಮುಂದಿನ ವರ್ಷಗಳಲ್ಲಿ ಸರ್ಕಾರದ ಮೈಸೂರು ಸೇಲ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯೂ ನೂರಾರು ಮದ್ಯದಂಗಡಿಗಳನ್ನು ತೆರೆಯಿತು. ಮಕ್ಕಳಿಗೆ 'ಲೇಖಕ್' ನೋಟ್ ಪುಸ್ತಕ ಮಾರುವ ಸಂಸ್ಥೆಯೂ ಇದೇ. ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಆ ರಟ್ಟಿನ ಡಬ್ಬಿಯೊಳಗೆ ಏನಿದೆ?

ಅಬಕಾರಿ ಭಾಷೆಯಲ್ಲಿ ಅದರ ಹೆಸರು 'ಭಾರತದಲ್ಲಿ ತಯಾರಾದ ವಿದೇಶಿ ಮದ್ಯ'. ಹೆಸರೇ ಒಂದು ಒಗಟು. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಎಂದು ಕರೆಸಿಕೊಳ್ಳಬೇಕಾದರೆ ಧಾನ್ಯದಿಂದ ತಯಾರಾಗಿ, ಕಡಿಮೆಯೆಂದರೆ ಮೂರು ವರ್ಷ ಓಕ್ ಮರದ ಪೀಪಾಯಿಯಲ್ಲಿ ಮಲಗಿರಬೇಕು. ಬ್ರಾಂದಿಗೆ ದ್ರಾಕ್ಷಿ ಬೇಕು. ನಮ್ಮ ಅಗ್ಗದ ವಿಸ್ಕಿಗೂ ಬ್ರಾಂದಿಗೂ ಬೇಕಾದದ್ದು ಬಹುಮಟ್ಟಿಗೆ ಒಂದೇ: ಕಾಕಂಬಿಯಿಂದ ಅಥವಾ ಅಗ್ಗದ ಧಾನ್ಯದಿಂದ ಇಳಿಸಿದ ಸ್ಪಿರಿಟ್. ಅದನ್ನು ಇನ್ನೊಮ್ಮೆ ಶುದ್ಧಿ ಮಾಡಿ, ಶೇ 42.8ಕ್ಕೆ ಬರುವಂತೆ ನೀರು ಸೇರಿಸಿ, ಸುಟ್ಟ ಸಕ್ಕರೆಯ ಕಂದು ಬಣ್ಣ ಕೊಟ್ಟು, ವಿಸ್ಕಿಗೊಂದು ವಾಸನೆ, ಬ್ರಾಂದಿಗೊಂದು ವಾಸನೆ ಬೆರೆಸುತ್ತಾರೆ. ಕಾಕಂಬಿಯ ವಿಸ್ಕಿಯನ್ನು ಯುರೋಪಿನಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರಲು ಬಿಡುವುದಿಲ್ಲ. ನ್ಯಾಯಕ್ಕಾಗಿ ಒಂದು ಮಾತು ಸೇರಿಸಬೇಕು: ಸಾರಾಯಿಗೆ ಬಳಸುತ್ತಿದ್ದ ಸ್ಪಿರಿಟ್ಟಿಗಿಂತ ಇದಕ್ಕೆ ಬಳಸುವ ಸ್ಪಿರಿಟ್ ಹೆಚ್ಚು ಶುದ್ಧ. ಮುಚ್ಚಿದ ಡಬ್ಬಿ ಕುಡಿದವನು ಕುರುಡಾಗುವ ಭಯ ಕಡಿಮೆ. ಅದು ಸಣ್ಣ ಲಾಭವಲ್ಲ. ಆದರೆ ಮೂಲ ಮಾತ್ರ ಅದೇ ಸಕ್ಕರೆ ಕಾರ್ಖಾನೆಯ ಹಿತ್ತಿಲು. ಕಂಟ್ರಿ ಎಂದು ಹೊರಗೆ ಹಾಕಿದ್ದು ಬಣ್ಣ ಬಳಿದುಕೊಂಡು, ಫಾರಿನ್ ಎಂದು ಹೆಸರಿಟ್ಟುಕೊಂಡು ಒಳಗೆ ಬಂತು. ಅದಕ್ಕೆ ಕುಡಿಯುವವನು ಕೊಡುವ ಬೆಲೆಯಲ್ಲಿ ದೊಡ್ಡ ಪಾಲು ತೆರಿಗೆ.

ನಿಷೇಧವಾದ ಮದ್ಯವೊಂದು ಹೀಗೆ ವೇಷ ಬದಲಿಸಿ ಬರುವುದು ನಮ್ಮಲ್ಲೇ ಮೊದಲಲ್ಲ. ಯುರೋಪಿನ ಆಬ್ಸಿಂತ್ ಕತೆ ಇದರ ಪಕ್ಕಕ್ಕೆ ಇಟ್ಟು ನೋಡುವಂಥದು. ಅದು ನಮ್ಮ ದವನದ ಕುಲಕ್ಕೆ ಸೇರಿದ ಕಹಿ ಗಿಡವೊಂದನ್ನು ಸೋಂಪಿನೊಡನೆ ಹಾಕಿ ಭಟ್ಟಿ ಇಳಿಸಿದ ಹಸಿರು ಮದ್ಯ. ನೀರು ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹುಳು ತಿಂದಾಗ ವೈನ್ ದುಬಾರಿಯಾಗಿ, ಅಗ್ಗದ ಆಬ್ಸಿಂತ್ ಕೂಲಿಕಾರರ ಲೋಟಕ್ಕೆ ಬಂತು. ಚಿತ್ರಕಾರರೂ ಕವಿಗಳೂ ಅದನ್ನು ಕೊಂಡಾಡಿದ್ದರಿಂದ ಅದಕ್ಕೊಂದು ಮಾಯೆಯೂ ಅಂಟಿಕೊಂಡಿತು. 1905ರಲ್ಲಿ ಸ್ವಿಟ್ಜರ್ಲೆಂಡಿನ ಕೊಮ್ಯುನ್ಯಿ ಎಂಬ ಹಳ್ಳಿಯಲ್ಲಿ ಜಾನ್ ಲಾನ್‌ಫ್ರೇ ಎಂಬ ಕೂಲಿಕಾರ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಗುಂಡಿಟ್ಟು ಕೊಂದ. ಆ ದಿನ ಆತ ಲೀಟರುಗಟ್ಟಲೆ ವೈನ್ ಕುಡಿದಿದ್ದ, ಜೊತೆಗೆ ಎರಡು ಲೋಟ ಆಬ್ಸಿಂತ್. ದೂರು ಬಂದದ್ದು ಆಬ್ಸಿಂತ್ ಮೇಲೆ. ವೈನಿಗೆ ಏನೂ ಆಗಲಿಲ್ಲ. ದ್ರಾಕ್ಷಿ ಬೆಳೆಗಾರರೂ ನಿಷೇಧವೇ ಬೇಕೆಂದರು. 1908ರಲ್ಲಿ ಸ್ವಿಸ್ ಜನ ಮತ ಹಾಕಿ ನಿಷೇಧಿಸಿದರು, 1910ರಲ್ಲಿ ಅದು ಜಾರಿಗೆ ಬಂತು. ಅಮೆರಿಕ 1912ರಲ್ಲಿ, ಫ್ರಾನ್ಸ್ 1915ರಲ್ಲಿ ಅದೇ ದಾರಿ ಹಿಡಿದವು.

ಕಹಿ ಗಿಡದ ಅಂಶವೊಂದು ಹುಚ್ಚು ಹಿಡಿಸುತ್ತದೆ ಎಂಬುದು ಆಗಿನ ನಂಬಿಕೆ. ಹಳೆಯ ಸೀಸೆಗಳನ್ನು ಈಚೆಗೆ ಪರೀಕ್ಷಿಸಿದಾಗ ಆ ಅಂಶ ಅಲ್ಪವೇ ಇದ್ದದ್ದು ಕಂಡುಬಂತು. ಕುಡಿದವರನ್ನು ಕೆಡಿಸಿದ್ದು ಆಲ್ಕೋಹಾಲೇ. ನಿಷೇಧದ ಕಾಲದಲ್ಲೂ ಸ್ವಿಟ್ಜರ್ಲೆಂಡಿನ ಕಣಿವೆಯೊಂದರಲ್ಲಿ ಅದನ್ನು ಕದ್ದು ಇಳಿಸುತ್ತಲೇ ಇದ್ದರು. ಅಧಿಕಾರಿಗಳ ಕಣ್ಣಿಗೆ ಬೀಳದಿರಲೆಂದು ಹಸಿರು ಬಣ್ಣವನ್ನೇ ಬಿಟ್ಟರು. ನಮ್ಮಲ್ಲಿ ಬಣ್ಣ ಬಳಿದು ತಪ್ಪಿಸಿಕೊಂಡರೆ ಅಲ್ಲಿ ಬಣ್ಣ ಕಳೆದು ತಪ್ಪಿಸಿಕೊಂಡರು. ತೊಂಬತ್ತರ ದಶಕದಲ್ಲಿ ಅದರ ಮೋಹ ಮತ್ತೆ ಎದ್ದು, 2005ರಲ್ಲಿ ಸ್ವಿಟ್ಜರ್ಲೆಂಡ್, 2011ರಲ್ಲಿ ಫ್ರಾನ್ಸ್ ಹಳೆಯ ನಿಷೇಧವನ್ನು ತೆಗೆದವು. ಅಮೆರಿಕ ಆಬ್ಸಿಂತ್‌ಗೆ ಬಾಗಿಲು ತೆರೆದದ್ದು 2007ರಲ್ಲಿ, ಕರ್ನಾಟಕ ಸಾರಾಯಿಗೆ ಬಾಗಿಲು ಹಾಕಿದ ವರ್ಷವೇ. ಈಗ ಅದು ಬೆಳ್ಳಿಯ ಚಮಚ, ಸಕ್ಕರೆ ತುಂಡು, ಹನಿ ನೀರಿನ ವಿಧಿಯೊಡನೆ ಶ್ರೀಮಂತರ ಮೇಜಿನ ಮೇಲೆ ಕೂತಿದೆ. ಕೂಲಿಕಾರನಿಂದ ಕಿತ್ತುಕೊಂಡದ್ದು ನೂರು ವರ್ಷದ ನಂತರ ದುಡ್ಡಿದ್ದವನ ಕೈಗೆ ಮರಳಿತು.

ನಮ್ಮಲ್ಲೂ ಆ ಗಾಳಿ ಬೀಸತೊಡಗಿದೆ. ಗೋವಾದ ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪರಂಪರೆಯ ಪೇಯ ಎಂದಿತು. ಮಧ್ಯಪ್ರದೇಶ ಆದಿವಾಸಿಗಳ ಮಹುವಾಕ್ಕೆ ಪರಂಪರೆಯ ಮದ್ಯ ಎಂಬ ಪಟ್ಟ ಕಟ್ಟಿದೆ. ಶ್ರೀಲಂಕಾದ ತೆಂಗಿನ ಅರಾಕ್ ಲಂಡನ್ನಿನ ಅಂಗಡಿಗಳಲ್ಲಿದೆ. ಕರ್ನಾಟಕದಲ್ಲಿ ತೆಂಗಿನ ನೀರಾ ಇಳಿಸಲು ಅವಕಾಶ ಸಿಕ್ಕಿದೆ, ಹೆಂಡಕ್ಕೂ ಬಿಡಿ ಎಂದು ಈಡಿಗ, ಬಿಲ್ಲವ ಸಂಘಟನೆಗಳು ಕೇಳುತ್ತಿವೆ. ವೈಟ್‌ಫೀಲ್ಡಿನಲ್ಲಿ ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆಗಳನ್ನು ತೋರಿಸುತ್ತಾ ಅಲ್ಲೇ ಬಿಯರ್ ತಯಾರಿಸಿ ಕೊಡುವ ಪಬ್ಬುಗಳಿವೆ. ಹಂಡೆ ಕಂಡರೆ ಅಲ್ಲಿ ಪೊಲೀಸರು ಬರುವುದಿಲ್ಲ, ಕ್ಯಾಮೆರಾ ಬರುತ್ತದೆ.

ಸಾರಾಯಿಯನ್ನೇ ಮರಳಿ ತನ್ನಿ ಎಂಬ ಮಾತೂ ಆಗಾಗ ಏಳುತ್ತದೆ, ಸರ್ಕಾರಗಳು ಆಗದು ಎನ್ನುತ್ತವೆ. ಹಳ್ಳಿಯ ವಯಸ್ಸಾದ ಕುಡುಕರಲ್ಲಿ ಸಾರಾಯಿ ಕಾಲವೇ ಚೆನ್ನಾಗಿತ್ತು ಎಂಬ ಹಂಬಲವಿದೆ: ಅಗ್ಗವಾಗಿತ್ತು, ಮೈಗೆ ಒಗ್ಗುತ್ತಿತ್ತು, ಈ ಡಬ್ಬಿಯಂತೆ ಕರುಳು ಸುಡುತ್ತಿರಲಿ‌ಲ್ಲ. ನೆನಪಿನಲ್ಲಿ ಎಲ್ಲ ಮದ್ಯವೂ ಹದವಾಗುತ್ತದೆ. ಅವರ ಹೆಂಡಿರನ್ನು ಕೇಳಿದರೆ ಕೊಟ್ಟೆಯ ಕಾಲದ ನೆನಪು ಬೇರೆಯೇ ಇರುತ್ತದೆ. ಡಬ್ಬಿಯ ಕಾಲ ಅದಕ್ಕಿಂತ ಮೇಲು ಎಂದೂ ಅವರು ಹೇಳುವುದಿಲ್ಲ. ಕೂಲಿ ಅಷ್ಟೇ, ಹೋಗುವುದು ಮಾತ್ರ ಹೆಚ್ಚು.

ಕುಡಿತ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಗೊತ್ತಾದದ್ದು 2020ರ ಲಾಕ್‌ಡೌನಿನಲ್ಲಿ. ನಲವತ್ತು ದಿನ ಮುಚ್ಚಿದ್ದ ಅಂಗಡಿಗಳು ಮೇ 4ರಂದು ತೆರೆದಾಗ ಜನ ಬೆಳಗಿನ ಜಾವದಿಂದಲೇ ಸಾಲು ನಿಂತರು. ಆ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿ, ಮರುದಿನ 197 ಕೋಟಿ ರೂಪಾಯಿಯ ಮದ್ಯ ಹೋಯಿತು. 2024-25ರ ಬಜೆಟ್ಟಿನಲ್ಲಿ ಅಬಕಾರಿ ವರಮಾನದ ಗುರಿ 38,525 ಕೋಟಿ ರೂಪಾಯಿ. ಸಾರಾಯಿ ಯಾಕೆ ಮರಳುವುದಿಲ್ಲ ಎಂಬ ಪ್ರಶ್ನೆಗೆ ನೀತಿಯಲ್ಲಿ ಸಿಗದ ಉತ್ತರ ಈ ಅಂಕಿಯಲ್ಲಿ ಸಿಗುತ್ತದೆ. ಅದೇ ಸ್ಪಿರಿಟ್ಟನ್ನು ಬಣ್ಣವಿಲ್ಲದೆ ಅಗ್ಗವಾಗಿ ಕೊಟ್ಟರೆ, ಬಣ್ಣದ ಮೇಲೆ ಬರುವ ತೆರಿಗೆಯನ್ನು ಎಲ್ಲಿಂದ ತರುವುದು? 2025ರ ಮಾರ್ಚಿನಲ್ಲಿ ಶಾಸಕರೊಬ್ಬರು ವಿಧಾನಸಭೆಯಲ್ಲೇ ಎದ್ದು, ಕುಡಿಯುವವರಿಗೆ ವಾರಕ್ಕೆರಡು ಸೀಸೆ ಪುಕ್ಕಟೆ ಕೊಡಿ ಎಂದರು. ಸದನ ನಕ್ಕಿತು. ಕುಡಿಯುವವರ ದುಡ್ಡಿನಿಂದ ಬರುವ ವರಮಾನದಲ್ಲಿ ಅವರಿಗೂ ಪಾಲಿರಲಿ ಎಂಬ ವಾದದ ಹಿಂದಿನ ಲೆಕ್ಕವನ್ನು ಮಾತ್ರ ಯಾರೂ ತಪ್ಪೆಂದು ತೋರಿಸಲಿಲ್ಲ.

2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದರು. ಅವರು ಹೊರಟದ್ದು ಚಿತ್ರದುರ್ಗದಿಂದ, ಎಂಬತ್ತು ವರ್ಷಗಳ ಹಿಂದೆ ಈಚಲು ಮರಗಳಿಗೆ ಕೊಡಲಿ ಬಿದ್ದ ಜಿಲ್ಲೆಯಿಂದ. ಸುಮಾರು 200 ಕಿಲೋಮೀಟರು ನಡೆದು, ಗಾಂಧೀಜಿ ಹತರಾದ ಜನವರಿ 30ರ ಹೊತ್ತಿಗೆ ರಾಜಧಾನಿ ಮುಟ್ಟಿದರು. ಅವರ ಕೂಗಿನಲ್ಲಿ ಸಾರಾಯಿಯ ಹೆಸರಿರಲಿಲ್ಲ. ಸಾರಾಯಿ ಹೋಗಿ ಹನ್ನೆರಡನೆಯ ವರ್ಷ ನಡೆಯುತ್ತಿತ್ತು. ಅವರು ಮುಚ್ಚಿ ಎಂದದ್ದು ವಿಸ್ಕಿ, ಬ್ರಾಂದಿಯ ಅಂಗಡಿಗಳನ್ನು. ಭರವಸೆ ಪಡೆದು ಊರಿಗೆ ಹಿಂತಿರುಗಿದರು.

ಪೀಣ್ಯದ ಶೆಡ್ಡುಗಳ ನಡುವೆ, ಹೊಸೂರು ರಸ್ತೆಯ ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ಪಕ್ಕದಲ್ಲಿ, ಹಳೆಯ ಹಳ್ಳಿಯ ಗಡಿಯಾಗಿದ್ದ ಜಾಗದಲ್ಲಿ ಮುನೇಶ್ವರನ ಸಣ್ಣ ಗುಡಿಗಳು ಇನ್ನೂ ಉಳಿದಿವೆ. ಹರಕೆ ಹೊತ್ತವರು ಕೋಳಿ, ಬೀಡಿ ಕಟ್ಟಿನ ಜೊತೆ ಸಾರಾಯಿಯ ಎಡೆ ಇಡುವುದು ಅಲ್ಲಿ ರೂಢಿಯಾಗಿತ್ತು. ಈಗ ಮುನೇಶ್ವರನಿಗೂ ಕ್ವಾರ್ಟರ್ ವಿಸ್ಕಿಯೇ.